ನಾಲ್ಕು ಉಡಾವಣೆ, ಒಂದು ಅನುಬಂಧ

೧೮ ಮೇ ೧೯೯೨, ಸೋಮವಾರ

ಈ ನೋಟುಬುಕ್ಕು ಇನ್ನೂರು ಪುಟದ್ದು. ಇದರ ಅವಳಿ ಮೇಜಿನ ಮೇಲಿದೆ. ಅದರಲ್ಲಿ ಇವರ ಪುಸ್ತಕದ ಶುದ್ಧಪ್ರತಿ. ಇದು ಅಡುಗೆಮನೆಯ ಜೋಳದ ಡಬ್ಬಿಯಲ್ಲಿರುತ್ತದೆ. ಇದರಲ್ಲಿ ನನ್ನ ಅಶುದ್ಧಪ್ರತಿ. ಒಂದೇ ಅಂಗಡಿ, ಒಂದೇ ರಟ್ಟು, ಒಂದೇ ಕೈ. ನಾನು ಕಲಿಸುವ ಸಾಲೆಗೆ ಈಗ ಬೇಸಿಗೆ ರಜೆ; ಅತ್ತೆ ಊಟ ಮಾಡಿ ಅಡ್ಡಾದ ಮೇಲೆ ಎರಡರಿಂದ ಮೂರರವರೆಗೆ ನಾನು ಯಾರ ಹೆಂಡತಿಯೂ ಅಲ್ಲ, ಸೊಸೆಯೂ ಅಲ್ಲ, ಬರೀ ಬರೆಯುವವಳು.

ಇವರು ಎಂದರೆ ವರಪ್ರಸಾದ, ಎಂ.ಎಸ್ಸಿ. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರು. ಹುಡುಗರಿಟ್ಟ ಹೆಸರು ರಾಕೆಟ್ ಸರ್. ಮದುವೆಗೆ ಮೊದಲು ತಿರುವನಂತಪುರಕ್ಕೆ ರಾಕೆಟ್ ಕೆಲಸ ಕಲಿಯಲು ಹೋಗಿ ಹತ್ತು ತಿಂಗಳಿಗೆ ಮರಳಿ ಬಂದರು. ಯಾಕೆ ಬಂದರೆಂದು ಉಣಕಲ್ಲಿನ ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ. ನಾನು ಒಮ್ಮೆ ಕೇಳಿದ್ದೆ. ಎರಡನೇ ಸಲ ಕೇಳಿಲ್ಲ.

ಪುಸ್ತಕ ಎ.ಎಸ್.ಎಲ್.ವಿ. ಎಂಬ ರಾಕೆಟ್ಟಿನ ಚರಿತ್ರೆ. ಇಪ್ಪತ್ಮೂರೂವರೆ ಮೀಟರ್ ಎತ್ತರ, ಐದು ಹಂತ, ಒಂದೇ ಸಲದ ಬಳಕೆ. ಊಟ ಮುಗಿದ ಮೇಲೆ ಪತ್ರಾವಳಿ ಎಸೆದ ಹಾಗೆ ಹಂತಗಳನ್ನು ಕಳಚಿ ಸಮುದ್ರಕ್ಕೆ ಎಸೆಯುತ್ತ ಹೋಗುತ್ತದೆ. ಇದುವರೆಗೆ ಎರಡು ಸಲ ಹಾರಿ, ಎರಡೂ ಸಲ ಪತ್ರಾವಳಿಯ ಜೊತೆಗೆ ಊಟವೂ ಸಮುದ್ರಕ್ಕೆ ಹೋಯಿತು. ಮೊದಲನೆಯದು ೮೭ರ ಮಾರ್ಚಿನಲ್ಲಿ. ಆಗ ನಮ್ಮ ಮದುವೆಯಾಗಿ ಮೂರು ತಿಂಗಳು. ಮನೆಯ ರೇಡಿಯೋ ಗೋಡೆಗೆ ಹಾರಿತು, ದಾರಿಯಲ್ಲಿ ನನ್ನ ತಲೆ ಇತ್ತು, ತಲೆ ಸ್ವಲ್ಪದರಲ್ಲಿ ತಪ್ಪಿಸಿಕೊಂಡಿತು. ಎರಡನೆಯದು ೮೮ರ ಜುಲೈನಲ್ಲಿ. ನನ್ನ ಎಡಗೈಯ ಎರಡು ಬೆರಳು ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡವು. ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಜಾತಿಯದಲ್ಲ. ಆದರೂ ಬಾಯಿಲ್ಲದ ಬಾಗಿಲಿನ ಮೇಲೆ ಅಪವಾದ ಯಾಕೆ.

ನಾಡಿದ್ದು ಮೂರನೆಯದು. ಇದೊಂದು ನೆಟ್ಟಗೆ ಮೇಲೆ ಹೋದರೆ ಈ ಮನೆ ನೆಟ್ಟಗೆ ಕೆಳಗೆ ನಿಲ್ಲುತ್ತದೆ. ಇವರು ಕೆಟ್ಟವರಲ್ಲ. ಕೆಟ್ಟಿರುವುದು ರಾಕೆಟ್ಟು. ಆದ್ದರಿಂದ ಜೋಳದ ಡಬ್ಬಿಯ ಮುಂದೆ ಕೂತು ಫೇಬಿ ಟೀಚರಾದ ನಾನು ಶ್ರೀಹರಿಕೋಟಾಕ್ಕಾಗಿ ಪ್ರಾರ್ಥಿಸುತ್ತಿದ್ದೇನೆ.

ಇವರ ಕೈಬರಹದ ಬಗ್ಗೆಯೂ ಬರೆದಿಡಬೇಕು, ಏಕೆಂದರೆ ಅದೇ ನನ್ನ ಉದ್ಯೋಗ. ಹಳೇ ಹುಬ್ಬಳ್ಳಿಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಲಕ್ಕಪ್ಪ ಒಮ್ಮೆ ಇವರ ಬರಹವನ್ನು ನನ್ನ ಸಾಲೆಗೇ ತಂದು ಮುಂದಿಟ್ಟಿದ್ದ.

"ಅಕ್ಕೋರ, ಇದು ಬರದದ್ದೋ, ಇರಿವಿ ಮಸಿ ತುಳದ ಓಡ್ಯಾಡಿದ್ದೋ?"

ಅಂದಿನಿಂದ ಇವರು ಬರೆದದ್ದನ್ನೆಲ್ಲ ನಾನು ಶುದ್ಧ ಮಾಡುತ್ತೇನೆ, ಪ್ರೂಫು ತಿದ್ದುತ್ತೇನೆ, ಕೊನೆಯ ಪ್ರೂಫಿನ ಕೆಳಗೆ 'ಮುದ್ರಿಸಬಹುದು' ಎಂದು ಸಹಿಯನ್ನೂ ಹಾಕುತ್ತೇನೆ. ಇವರು ತಮ್ಮ ಬರಹವನ್ನು ಎರಡನೇ ಸಲ ನೋಡುವವರಲ್ಲ. "ದೇವರು ಲೋಕಾ ಮಾಡಿ ಪ್ರೂಫ್ ನೋಡಿದ್ನೇನು?" ಎನ್ನುತ್ತಾರೆ. ನೋಡಿದ್ದಾನೆ. ಆದಿಕಾಂಡದಲ್ಲಿ ದಿನದಿನವೂ ನೋಡಿ ಒಳ್ಳೆಯದೆಂದು ಕಂಡ ಎಂದಿದೆ. ಅದನ್ನು ಇಲ್ಲಿ ಬರೆದಿಡುತ್ತೇನೆ.

೨೦ ಮೇ, ಬುಧವಾರ

ಬೆಳಿಗ್ಗೆ ಆರಕ್ಕೆ ಹಾರಿತು. ಉಪಗ್ರಹ ಕಕ್ಷೆ ಸೇರಿದೆ ಎಂದು ರೇಡಿಯೋ ಹೇಳಿತು. ಇವರು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದರು. ಮದುವೆಯಾದ ಮೇಲೆ ಮೊದಲ ಸಲ ನಾನೂ ಕಕ್ಷೆ ಸೇರಿದೆ.

ಅತ್ತೆ ರಾಹೇಲಮ್ಮ ಸೆರಗು ತಲೆಗೆಳೆದುಕೊಂಡು ಸ್ತೋತ್ರ ಹೇಳಿದರು. ಇವರು ಎರಡು ಕಿಲೋ ಪೇಢೆ ಕಟ್ಟಿಸಿಕೊಂಡು, ಪರೀಕ್ಷೆಯ ಮೇಲ್ವಿಚಾರಣೆ ಎಂದು ಕಾಲೇಜಿಗೆ ಹೋದರು. ಮನೆಗೆ ಒಂದು ಪೇಢೆ ಬಿಟ್ಟು ಹೋಗಿದ್ದರು. ಅರ್ಧ ಅತ್ತೆಗೆ, ಅರ್ಧ ನನಗೆ. ಅತ್ತೆಗೆ ಸಕ್ಕರೆ ಕಾಯಿಲೆ. ಆದ್ದರಿಂದ ನ್ಯಾಯವಾಗಿ ಮುಕ್ಕಾಲು ನನಗೆ.

೨೨ ಮೇ

ಕಪಾಟಿನ ಬಾಗಿಲು ಕಿವಿಗೆ ಬಡಿಯಿತು.

೨೫ ಮೇ, ಸೋಮವಾರ

ಅವತ್ತು ಹೆಚ್ಚು ಬರೆಯಲಾಗಲಿಲ್ಲ. ಕಿವಿಯೊಳಗೆ ಯಾರೋ ಕುಕ್ಕರ್ ಇಟ್ಟಿದ್ದರು, ಸೀಟಿ ನಿಲ್ಲಲೇ ಇಲ್ಲ.

ಆದದ್ದಿಷ್ಟು. ಉಪಗ್ರಹ ಕಕ್ಷೆ ಸೇರಿದ್ದು ನಿಜ, ಆದರೆ ಎಣಿಸಿದ್ದಕ್ಕಿಂತ ಕೆಳಗಿನ ಕಕ್ಷೆ. ಅದು ಪೇಪರಿನಲ್ಲಿ ಬಂತು. ಸ್ಟಾಫ್ ರೂಮಿನಲ್ಲಿ ಯಾರೋ ಕೇಳಿದರಂತೆ, "ರಾಕೆಟ್ ಸರ, ಉಪಗ್ರಹ ಅರ್ಧಕ್ಕ ನಿಂತೈತಂತ. ಅರ್ಧಾ ಪೇಢಾ ವಾಪಸ್ ಕೊಡೂದೈತೇನ್ರಿ?" ಎಲ್ಲರೂ ನಕ್ಕರು. ಆ ನಗು ಇವರ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ಮನೆಗೆ ಬಂತು. ನಾನು ಚಹಾ ಕೊಡುವಾಗ ಪಾಪ ಸುಮ್ಮನೆ ಇರಬೇಕಿತ್ತು, "ಕೆಳಗಿದ್ರೇನಾತ್ರಿ, ಮ್ಯಾಲ ಐತೆಲ್ಲ" ಎಂದೆ.

ಕಪಾಟಿನ ಬಾಗಿಲಿಗೆ ಐದು ಬೆರಳಿರುವುದನ್ನು ಆಮೇಲೆ ಕನ್ನಡಿಯಲ್ಲಿ ನೋಡಿದೆ.

ಡಾಕ್ಟರು ಎಡಗಿವಿಗೆ ಬೆಳಕು ಬಿಟ್ಟು ನೋಡಿದರು.

"ಪರದೆ ಹರದೈತಿ. ಹೆಂಗಾತವಾ?"

"ಕಪಾಟಿನ ಬಾಗಲಾ ಬಡೀತ್ರಿ."

"ಕಪಾಟ ಯಾರದು?"

"ನಮ್ಮನಿಯವರದ್ರಿ."

ಅವರು ಪೆನ್ನು ಎತ್ತಿದರು, ಏನೂ ಬರೆಯದೆ ಇಳಿಸಿದರು. ಡ್ರಾಪ್ಸ್ ಕೊಟ್ಟರು.

ಬಲಗೈಗೆ ಏನೂ ಆಗಿಲ್ಲ. ಇದು ಇವರ ದೊಡ್ಡ ಗುಣ. ಎಷ್ಟೇ ಸಿಟ್ಟು ಬಂದರೂ ಶುದ್ಧಪ್ರತಿ ಬರೆಯುವ ಕೈಯನ್ನು ಮುಟ್ಟುವುದಿಲ್ಲ. ಬೆರಳು ಎಡದವು, ಕಿವಿ ಎಡದ್ದು. ಮದುವೆಯಾಗಿ ಬರೀ ಐದೂವರೆ ವರ್ಷದಲ್ಲಿ ನಾನು ಎಡಪಂಥೀಯಳಾಗಿದ್ದೇನೆ.

೨೧ ಜುಲೈ ೧೯೯೨, ಮಂಗಳವಾರ

ಮೂರನೇ ರಾಕೆಟ್ಟು ಬಿಟ್ಟ ಉಪಗ್ರಹ ಐವತ್ತೈದು ದಿನ ಸುತ್ತಿ ಹದಿನಾಲ್ಕನೇ ತಾರೀಖು ಉರಿದುಹೋಯಿತು. ಇವರು ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಸಾರಿನ ಪಾತ್ರೆ ಮಾತಾಡಿತು. ಕುದಿಯುವ ಸಾರು ಎಡ ತೊಡೆಯ ಮೇಲೆ ಬಿತ್ತು. ಚರ್ಮ ಸೀರೆಗೆ ಅಂಟಿಕೊಂಡು ಸೀರೆಯ ಜೊತೆಗೇ ಬಂತು.

ನನ್ನ ಸಾಲೆ ಧಾರವಾಡದಲ್ಲಿ. ಉಣಕಲ್ಲಿನಿಂದ ಇವರ ಸ್ಕೂಟರು ಹುಬ್ಬಳ್ಳಿ ಕಡೆ, ನನ್ನ ಬಸ್ಸು ಧಾರವಾಡ ಕಡೆ. ಎಂಟು ತಾಸು ನಮ್ಮ ದಾಂಪತ್ಯ ಅನ್ಯೋನ್ಯವಾಗಿರುತ್ತದೆ. ಇವತ್ತು ಸಾಲೆಯಲ್ಲಿ ಡ್ರಿಲ್ ಟೀಚರ್ ಕಾವೇರಿ ನನ್ನ ನಡಿಗೆ ನೋಡಿ ಸೀಟಿ ಊದಿದಳು. ಅವಳ ಕೊರಳಲ್ಲಿ ಸೀಟಿ ಸದಾ ಇರುತ್ತದೆ, ಉಳಿದವರಿಗೆ ತಾಳಿ ಇದ್ದ ಹಾಗೆ.

"ಏ ಫೇಬಿ, ಯಾಕ ಕುಂಟಾಕತ್ತೀ?"

"ಸಾರು ಚೆಲ್ಲಿತು."

"ಸಾರಿಗೆ ನಿನ್ನ ಮ್ಯಾಲ ಏನ ಸಿಟ್ಟಂತ?"

"ಸಾರಿ ಅಂತ ಹೇಳಿ ಹೋತವಾ ಸಾರು," ಎಂದೆ. ನನ್ನ ಜೋಕಿಗೆ ನಾನೇ ನಕ್ಕೆ. ಅವಳು ನಗಲಿಲ್ಲ.

"ನೀ ನಗಸಾಕತ್ತೀ ಅಂದ್ರ ಏನೋ ಮುಚ್ಚಾಕತ್ತೀ. ಕೆಲಗೇರಿ ಕೆರಿ ಕಡೆ ನಮ್ಮನ್ಯಾಗ ಮುಂದಿನ ಖೋಲಿ ಖಾಲಿ ಐತಿ. ನಾ, ನಮ್ಮವ್ವ ಇಬ್ಬರ. ನೆನಪಿಟ್ಕೋ."

ನನಗೇಕೆ ಖಾಲಿ ಖೋಲಿ.

೯ ಜನವರಿ ೧೯೯೩

•

೧೧ ಜನವರಿ

•

೨ ಏಪ್ರಿಲ್

•

೨೨ ಸೆಪ್ಟೆಂಬರ್ ೧೯೯೩, ಬುಧವಾರ

ಮೊನ್ನೆ ಬಿದ್ದದ್ದು ನಮ್ಮ ರಾಕೆಟ್ಟೇ ಅಲ್ಲ. ಅದರ ತಮ್ಮ, ಪಿ.ಎಸ್.ಎಲ್.ವಿ. ತಮ್ಮ ಎಂದರೂ ಅಣ್ಣನ ಎರಡರಷ್ಟು ಎತ್ತರ. ಮೊದಲ ಉಡಾವಣೆಯಲ್ಲೇ ಸಮುದ್ರಕ್ಕೆ ಹೋಯಿತು.

ಸಂಜೆ ಐದಕ್ಕೆ ಇವರು ಬಂದರು. ಹೊಸ್ತಿಲಲ್ಲಿ ಕೂತು ಒಂದು ಬೂಟು ಬಿಚ್ಚಿದರು.

"ಅದು ನಮ್ಮ ರಾಕೆಟ್ ಅಲ್ಲಲ್ರಿ," ಎಂದೆ.

ಬಿಚ್ಚಿದ ಬೂಟು ಕೈಯಲ್ಲೇ ಇತ್ತು. ಹಿಮ್ಮಡಿಯ ಕಬ್ಬಿಣದ ಲಾಳ ಎಡ ಹುಬ್ಬಿನ ಮೇಲೆ ಬಿತ್ತು. ರಕ್ತ ಕಣ್ಣೊಳಗೆ ಇಳಿದು, ಇವರು, ಗೋಡೆ, ಗೋಡೆಯ ಮೇಲಿನ ಬೈಬಲ್ ವಾಕ್ಯದ ಕ್ಯಾಲೆಂಡರು, ಎಲ್ಲ ಕೆಂಪಾಗಿ ಕಂಡವು. ಎರಡನೇ ಏಟು ಹೆಗಲಿಗೆ. ಮೂರನೆಯದು ನಾನು ಬಗ್ಗಿದ್ದರಿಂದ ಬೆನ್ನಿಗೆ. ಅತ್ತೆ ಒಳಕೋಣೆಯಲ್ಲಿ ಕೀರ್ತನೆಯ ಪುಸ್ತಕ ತೆಗೆದು ದೊಡ್ಡ ದನಿಯಲ್ಲಿ ಹಾಡತೊಡಗಿದರು. ಯಾವಾಗ ಹಾಡಬೇಕೆಂದು ಅವರಿಗೆ ತಿಳಿದಿದೆ. ನಾಲ್ಕು ಚರಣ ಮುಗಿಯುವ ಹೊತ್ತಿಗೆ ಇವರದೂ ಮುಗಿದಿತ್ತು.

ಆಮೇಲೆ ಅತ್ತೆ ಅರಿಶಿನ ತಂದು ಒತ್ತಿದರು.

"ಅವರಪ್ಪನೂ ಹಿಂಗ ಇದ್ರು. ನೀ ಎದುರ ಮಾತಾಡಬ್ಯಾಡ."

"ಮಾತಾಡಲಿಲ್ರಿ ಅತ್ತಿ. ಸಮಾಧಾನ ಹೇಳಿದೆ."

"ಅದೂ ಮಾತ ಅಲ್ಲೇನು?"

ಮೂರು ಹೊಲಿಗೆ. ಡಾಕ್ಟರು ಈ ಸಲ ಕಪಾಟಿನ ಬಗ್ಗೆ ತಾವಾಗಿಯೇ ಕೇಳಿದರು. "ಬೂಟ್ರಿ," ಎಂದೆ. "ಬೂಟಿನ್ಯಾಗ ಕಾಲು ಇತ್ತೋ ಇಲ್ಲೋ?" ಎಂದರು. "ಇರಲಿಲ್ರಿ. ಕೈ ಇತ್ತು."

೧೬ ನವೆಂಬರ್ ೧೯೯೩, ಮಂಗಳವಾರ

ಎರಡನೇ ಅಧ್ಯಾಯವನ್ನು ಮೂರನೇ ಸಲ ಶುದ್ಧ ಮಾಡುತ್ತಿದ್ದೇನೆ. ಇವರು ಪ್ರತಿ ಸಲ ಹೊಸದೇನನ್ನೋ ಸೇರಿಸುತ್ತಾರೆ. ಇದು ಇಡೀ ಪುಸ್ತಕದಲ್ಲೇ ಒಳ್ಳೆಯ ಭಾಗ, ಒಪ್ಪಬೇಕು.

ಪಕ್ಕದಲ್ಲಿ ಕಟ್ಟಿದ ಎರಡು ಮೋಟರುಗಳು ರಾಕೆಟ್ಟನ್ನು ನೆಲದಿಂದ ಎತ್ತುತ್ತವೆ. ಅವು ಉರಿದು ಮುಗಿದಾಗ ನಡುವಿನ ದೊಡ್ಡ ಮೋಟರು ಹೊತ್ತಿಕೊಳ್ಳಬೇಕು. ಮೊದಲ ಸಲ ಅದು ಹೊತ್ತಲೇ ಇಲ್ಲ. ಎರಡನೇ ಸಲ ಪಕ್ಕದವು ಎಣಿಸಿದ್ದಕ್ಕಿಂತ ಬೇಗ ಸೋತವು. ನಡುವಿನದು ಗಡಿಯಾರ ನೋಡುತ್ತ ಕೂತಿತ್ತು, ತನ್ನ ಹೊತ್ತಿಗೇ ಹೊತ್ತಿಕೊಂಡಿತು. ನಡುವಿನ ಆ ರೆಪ್ಪೆ ಬಡಿಯುವಷ್ಟು ಕಾಲ ರಾಕೆಟ್ಟನ್ನು ಹಿಡಿದವರು ಯಾರೂ ಇರಲಿಲ್ಲ. ಗಾಳಿ ಮುರಿದು ಹಾಕಿತು. ಮೂರನೆಯದಕ್ಕೆ ಮಾಡಿದ ತಿದ್ದುಪಡಿ ಏನೆಂದರೆ ಬಾಲಕ್ಕೆ ರೆಕ್ಕೆ, ಮತ್ತು ಗಡಿಯಾರದ ಬದಲು ಅರಿವು. ಪಕ್ಕದ ಬಲ ಇಳಿಯುವುದನ್ನು ತಾನೇ ಅರಿತು, ಆ ಕ್ಷಣವೇ ಹೊತ್ತಿಕೊಳ್ಳುವ ವ್ಯವಸ್ಥೆ.

ಇಷ್ಟು ಚೆನ್ನಾಗಿ ಬರೆಯುವ ಮನುಷ್ಯನಿಗೆ ಸಿಟ್ಟು ಬರುವುದು ಸಹಜ.

ಕಾವೇರಿ ಊಟದ ಬಿಡುವಿನಲ್ಲಿ ಮತ್ತೆ ಖೋಲಿಯ ಮಾತು ತೆಗೆದಳು.

"ಪಾದ್ರಿಯವರು ಈಸ್ಟರ್ ತನಕಾ ಪ್ರಾರ್ಥನಾ ಮಾಡು ಅಂದಾರ," ಎಂದೆ. "ನಮ್ಮತ್ತಿ ಕ್ರಿಸ್‌ಮಸ್ ಮುಗೀಲಿ ಅಂದಾರ."

"ಮತ್ತ ನೀ ಏನಂದೀ?"

"ನಾಲ್ಕನೇದು ಹಾರಲಿ, ತಡಿ."

"ಹಾರದಿದ್ರ?"

"ಐದನೇದು."

"ಹಾರಿದ್ರ?"

"ಹಾರಿದ್ರ ಎಲ್ಲಾ ಛಲೋ ಆಗತೈತಿ."

"ಖರೇನ?" ಎಂದಳು. ಆಮೇಲೆ ರೊಟ್ಟಿ ಮುರಿದು ಅರ್ಧ ನನ್ನ ಡಬ್ಬಿಗೆ ಹಾಕಿದಳು.

೩೦ ಜನವರಿ ೧೯೯೪

•

೪ ಮೇ ೧೯೯೪, ಬುಧವಾರ

ಹಾರಿತು. ಪೂರ್ತಿ ಹಾರಿತು. ಬೆಳಿಗ್ಗೆ ಐದೂವರೆಗೆ ಹೊರಟು, ಹೋಗಬೇಕಾದಷ್ಟು ಎತ್ತರಕ್ಕೇ ಹೋಯಿತು. ನಾಲ್ಕು ಸಲ ಪರೀಕ್ಷೆಗೆ ಕೂತು ಕೊನೆಗೂ ಪಾಸಾಯಿತು.

ಇವರು ಅತ್ತರು. ನನ್ನ ಬಾಯಿಗೆ ತಾವೇ ಪೇಢೆ ಇಟ್ಟರು, ಇಡೀ ಪೇಢೆ. "ಫೇಬಿ, ನಮ್ಮ ಪುಸ್ತಕಕ್ಕ ಕಡೀ ಅಧ್ಯಾಯ ಸಿಕ್ತು," ಎಂದರು. ನಮ್ಮ ಪುಸ್ತಕ ಎಂದರು. ಕಾಲೇಜಿನಲ್ಲಿ ಇವತ್ತು ಮಧ್ಯಾಹ್ನ ಹಾರ ಹಾಕುತ್ತಾರಂತೆ. ನಾಳೆ ಇನ್ನೊಂದು ಕಡೆ ಸತ್ಕಾರ. ಬಿಳಿ ಅಂಗಿಗೆ ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದ್ದೇನೆ.

ಅತ್ತೆ ಕೂಡ ಇವತ್ತು ಹಾಡುತ್ತಿದ್ದಾರೆ, ಮೆಲ್ಲನೆಯ ದನಿಯಲ್ಲಿ, ಸುಮ್ಮನೆ.

ಇನ್ನು ಮುಂದೆ ಈ ಡಬ್ಬಿಯಲ್ಲಿ ಜೋಳ ಮಾತ್ರ.

೭ ಮೇ, ಶನಿವಾರ

ಕಾರಣ ಬರೆಯಬೇಕೆಂದು ಕೂತಿದ್ದೇನೆ.

ನಾಲ್ಕನೇ ತಾರೀಖು ಸಂಜೆ ಆರೂಕಾಲಿಗೆ ಬಂದರು. ಕೊರಳಲ್ಲಿ ಗುಲಾಬಿ ಹಾರ ಹಾಗೇ ಇತ್ತು, ಸ್ಕೂಟರಿನ ಗಾಳಿಗೆ ಅರ್ಧ ಉದುರಿತ್ತು. ಚಹಾ ಕೊಟ್ಟೆ. ಕುಡಿದರು. ಯಾರೂ ನಕ್ಕಿರಲಿಲ್ಲ, ಯಾರೂ ಹಂಗಿಸಿರಲಿಲ್ಲ, ಅದನ್ನು ಅವರೇ ಹೇಳಿದರು. ಎಲ್ಲರೂ ಕೈ ಕುಲುಕಿದರಂತೆ.

"ನಾಳಿಗೆ ಇಸ್ತ್ರಿ ಅಂಗಿ ಎಲ್ಲೈತಿ?"

"ಗೂಟಕ್ಕ ಐತ್ರಿ."

ಎದ್ದು ಹೋಗಿ ನೋಡಿದರು. ಅಂಗಿ ಇತ್ತು. ಕೈಯಿಂದ ಮುಟ್ಟಿಯೂ ನೋಡಿದರು. ತಿರುಗಿ ಬಂದು ಕಪ್ಪು ಎತ್ತಿಕೊಳ್ಳಲು ಬಗ್ಗಿದ್ದ ನನ್ನ ತುರುಬು ಹಿಡಿದು ಮುಖವನ್ನು ಕಟ್ಟೆಗೆ ಅಪ್ಪಳಿಸಿದರು.

ಹಲ್ಲು ತುಟಿಯೊಳಗೆ ಹೋಯಿತು. ನಾನು ಕೆಳಗೆ ಬಿದ್ದೆ. ಎಡ ಹೆಗಲ ಮೇಲೆ ಕಾಲಿಟ್ಟು ಮೈಭಾರ ಬಿಟ್ಟ. ಕೊರಳ ಪಕ್ಕದ ಎಲುಬು ಮುರಿದದ್ದು ಕೇಳಿಸಿತು. ಒಂದೇ ಕಿವಿಗೆ ಕೇಳಿಸಿದರೂ ಸ್ಪಷ್ಟವಾಗಿ ಕೇಳಿಸಿತು, ಒಣ ತೊಗರಿಕಟ್ಟಿಗೆ ಮುರಿದ ಹಾಗೆ. ಪಕ್ಕೆಗೆ ಒದೆಯಲು ಕಾಲೆತ್ತಿದ. ನನ್ನ ಬಲಗೈ ಅಡ್ಡ ಬಂತು. ಅವನು ಬಗ್ಗಿದ. ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ಮೆಲ್ಲಗೆ, ಗಾಜಿನ ಸಾಮಾನು ಸರಿಸಿದ ಹಾಗೆ ಪಕ್ಕಕ್ಕೆ ಇಟ್ಟ. ಬಗ್ಗಿದಾಗ ಕೊರಳಿನ ಹಾರ ನನ್ನ ಮುಖಕ್ಕೆ ತಾಕಿತು. ಆಮೇಲೆ ಒದ್ದ. ನಾಲ್ಕು ಸಲ. ಅತ್ತೆ ಹಾಡು ಶುರು ಮಾಡಿದರು. ಎರಡನೇ ಸಾಲಿಗೆ ಅವರ ದನಿ ನಿಂತಿತು. ಅದಕ್ಕೂ ಅವನು ನಿಲ್ಲಿಸಲಿಲ್ಲ.

ನಂತರ ಕೈ ತೊಳೆದು ಊಟಕ್ಕೆ ಕೂತ. ಅವನಿಗೆ ಸಿಟ್ಟು ಬಂದಿರಲಿಲ್ಲ. ನಾನು ನೆಲದಿಂದ ಅವನ ಮುಖ ನೋಡುತ್ತಿದ್ದೆ. ಸಿಟ್ಟು ಇರಲಿಲ್ಲ.

ಎರಡು ಪಕ್ಕೆಲುಬು, ಕೊರಳೆಲುಬು, ಒಂದು ಹಲ್ಲು. ಮೂರು ದಿನ ಹುಡುಕಿದೆ. ಕಾರಣ ಸಿಗಲಿಲ್ಲ.

೧೦ ಮೇ, ಮಂಗಳವಾರ

ಈ ನೋಟುಬುಕ್ಕನ್ನು ಮೊದಲಿನಿಂದ ತಿರುವಿದೆ. ಏಟು ಬಿದ್ದು ಬರೆಯಲು ಮನಸ್ಸಿಲ್ಲದ ದಿನ ತಾರೀಖು ಹಾಕಿ ಕೆಳಗೆ ಒಂದು ಚುಕ್ಕೆ ಇಡುವುದು ನನ್ನ ರೂಢಿ. ಚುಕ್ಕೆಗಳನ್ನು ಎಣಿಸಿದೆ. ಎರಡು ವರ್ಷಕ್ಕೆ ಮೂವತ್ತೇಳು.

ಈ ಎರಡು ವರ್ಷದಲ್ಲಿ ನಮ್ಮ ರಾಕೆಟ್ಟು ಹಾರಿದ್ದು ಎರಡೇ ಸಲ.

ಎಂ.ಎ.ವರೆಗೆ ಓದಿದವಳು ನಾನು. ಇಷ್ಟು ಸಣ್ಣ ಲೆಕ್ಕಕ್ಕೆ ಏಳು ವರ್ಷ.

೧೪ ಮೇ, ಶನಿವಾರ

ಎಡಗೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ, ಬಲಗೈ ಕೆಲಸದಲ್ಲಿ. ಕೊನೆಯ ಅಧ್ಯಾಯ ಶುದ್ಧವಾಯಿತು. ಈ ರಾಕೆಟ್ಟನ್ನು ಇನ್ನು ಹಾರಿಸುವುದಿಲ್ಲ, ಇನ್ನು ದೊಡ್ಡದರ ಕಾಲ ಎಂದು ಅವನು ಬರೆದಿದ್ದಾನೆ. ಪಾಸಾದದ್ದೇ ತಡ, ನಿವೃತ್ತಿ. ಕೊನೆಗೆ ಒಂದು ಪಟ್ಟಿ ಇದೆ. ನಾಲ್ಕು ಉಡಾವಣೆಗಳ ತಾರೀಖು, ಏನಾಯಿತು, ಯಾಕಾಯಿತು.

ಪಟ್ಟಿಯ ನಂತರ ಶುದ್ಧಪ್ರತಿಯ ನೋಟುಬುಕ್ಕಿನಲ್ಲಿ ಒಂದು ಪುಟ ಖಾಲಿ ಉಳಿಯಿತು. ಖಾಲಿ ಪುಟ ಕಂಡರೆ ನನಗೆ ಸುಮ್ಮನಿರಲಾಗದು. ಮೇಲೆ 'ಅನುಬಂಧ' ಎಂದು ಬರೆದು, ಅದೇ ನಾಲ್ಕು ತಾರೀಖುಗಳನ್ನು ಇನ್ನೊಮ್ಮೆ ಬರೆದು, ಎದುರಿಗೆ ನನ್ನ ಕಡೆಯದನ್ನು ತುಂಬಿದೆ. ಹೇಗೆ ಕಾಣುತ್ತದೋ ನೋಡೋಣವೆಂದು ಅಷ್ಟೇ. ಚೆನ್ನಾಗಿ ಕಾಣುತ್ತದೆ. ಅಕ್ಷರ ದುಂಡಗೆ ಬಂದಿವೆ.

ಆ ಪುಟ ಹರಿಯಬೇಕು. ನೆನಪಿಟ್ಟುಕೊಳ್ಳಬೇಕು.

೧೬ ಮೇ, ಸೋಮವಾರ

ಅವನೇ ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ಹೋಗಿ ಶುದ್ಧಪ್ರತಿಯನ್ನು ಪ್ರೆಸ್ಸಿಗೆ ಕೊಟ್ಟು ಬಂದ. ತೆರೆದು ನೋಡಲಿಲ್ಲ. ಪುಟ ಹರಿಯುವುದು ಮರೆತೆ.

೧೯ ಮೇ, ಗುರುವಾರ, ಕೆಲಗೇರಿ

ಇವತ್ತು ಕಾವೇರಿಯ ಮನೆಗೆ ಬಂದೆ. ಯಾವ ಹಬ್ಬವೂ ಅಲ್ಲ, ಯಾರೂ ಹೇಳಿದ ದಿನವೂ ಅಲ್ಲ. ಪಾದ್ರಿಯವರು ಮೊನ್ನೆ ನನ್ನ ಜೋಳಿಗೆ ನೋಡಿ, ಪುಸ್ತಕ ಹೊರಬರಲಿ, ಆಮೇಲೆ ಕೂತು ಮಾತಾಡೋಣ ಎಂದಿದ್ದರು.

"ಇವತ್ತ ಯಾಕ ಹೊಂಟ ಬಂದಿ?" ಎಂದು ಕಾವೇರಿ ಕೇಳಿದಳು. ಬೆಳಿಗ್ಗೆ ಅವನು ಸ್ಕೂಟರು ಹತ್ತಿದ. ಸದ್ದು ಉಣಕಲ್ಲಿನ ಕೆರೆಯ ಏರಿ ಹತ್ತಿತು, ಸಣ್ಣದಾಯಿತು, ನಿಂತಿತು. ಎದ್ದೆ.

ಒಂದೇ ಕೈಯಲ್ಲಿ ಚೀಲ ತುಂಬುತ್ತಿದ್ದಾಗ ಅತ್ತೆ ಬಾಗಿಲಲ್ಲಿ ಬಂದು ನಿಂತರು. ಹಾಡುತ್ತಾರೆ ಎಂದುಕೊಂಡೆ. ಅವರು ಬಂದು ಚೀಲದ ಬಾಯಿ ಹಿಡಿದು ನಿಂತರು, ನಾನು ಸೀರೆಗಳನ್ನು ತುರುಕಿದೆ.

"ತವರಮನಿಗೋ?"

"ಅಲ್ರಿ. ಅಲ್ಲಿಂದ ಎರಡ ಸಲ ತಿರುಗಿ ಕಳಿಸ್ಯಾರಲ್ರಿ."

"ನನ್ನೂ ಕಳಿಸಿದ್ರು," ಎಂದರು. ಚೀಲದ ಬಾಯಿ ಇನ್ನಷ್ಟು ಅಗಲಿಸಿ, "ನನಗ ಬಿಡುಗಡಿ ಆಗಾಕ ಇಪ್ಪತ್ತೊಂಬತ್ತ ವರ್ಷ ಹಿಡೀತವಾ. ಅದೂ ಅವರು ಸತ್ತಮ್ಯಾಲ."

"ನೀವೂ ಬರ್ರಿ ಅತ್ತಿ."

"ನಾ ಹೆತ್ತದ್ದು. ನಾ ಎಲ್ಲಿ ಹೋಗ್ಲಿ." ಜೋಳದ ಡಬ್ಬಿಗೆ ಕೈ ಹಾಕಿ, ಈ ನೋಟುಬುಕ್ಕು ತೆಗೆದು, ಸೆರಗಿನಿಂದ ಜೋಳದ ಧೂಳು ಒರೆಸಿ ಚೀಲಕ್ಕೆ ಹಾಕಿದರು. "ಇದನ್ನ ಮರತೀ," ಎಂದರು.

ಎರಡು ವರ್ಷದಿಂದ ಆ ಡಬ್ಬಿಯಿಂದ ರೊಟ್ಟಿಗೆ ಜೋಳ ತೆಗೆದವರು ಯಾರೆಂದು ನಾನು ಯೋಚಿಸಿಯೇ ಇರಲಿಲ್ಲ.

೧ ಜೂನ್, ಬುಧವಾರ

ನಿನ್ನೆ ಸಂಜೆ ಅವನು ಕೆಲಗೇರಿಗೆ ಬಂದಿದ್ದ. ಗೇಟು ಒದ್ದ. ಕಲ್ಲು ತೂರಿ ಕಿಟಕಿಯ ಗಾಜು ಒಡೆದ, ಚೂರು ಕಾವೇರಿಯ ಅವ್ವನ ಪಾದಕ್ಕೆ ಹೋಯಿತು. ಕಾವೇರಿ ಒಂದು ಕೈಯಲ್ಲಿ ಹಾಕಿ ಸ್ಟಿಕ್ಕು ಹಿಡಿದು ಅಂಗಳಕ್ಕಿಳಿದು ಸೀಟಿ ಊದಿದಳು. ಓಣಿಯ ಅರ್ಧ ಹೆಣ್ಣುಮಕ್ಕಳು ಅವಳ ಕೈಯಲ್ಲಿ ಡ್ರಿಲ್ ಕಲಿತವರು. ಸೀಟಿ ಕೇಳಿದ ಕೂಡಲೇ ಲಟ್ಟಣಿಗೆ, ಪೊರಕೆ ಸಮೇತ ಸಾಲಾಗಿ ಬಂದು ನಿಂತರು, ಎತ್ತರದ ಪ್ರಕಾರ.

ಅವನು ಗೇಟಿನಾಚೆ ನಿಂತ. ನನ್ನನ್ನು ನೋಡಿದ. ಮನೆಗೆ ಬಾ ಎನ್ನಲಿಲ್ಲ.

"ಪ್ರೂಫ್ ಯಾರ ನೋಡಬೇಕು?" ಎಂದ.

"ಕಳಸ್ರಿ. ನೋಡ್ತೇನಿ," ಎಂದೆ.

ಕಾವೇರಿ ನನ್ನ ಕಡೆ ತಿರುಗಿದಳು. ಸ್ಟಿಕ್ಕನ್ನು ನನಗೇ ಇಡುತ್ತಾಳೇನೋ ಅನ್ನಿಸಿತು.

೬ ಜೂನ್ ೧೯೯೪, ಸೋಮವಾರ

ಸಾಲೆ ಶುರುವಾಯಿತು. ಮೂರನೇ ಪಿರಿಯಡ್ ಬಿಡುವಿನಲ್ಲಿ ಲಕ್ಕಪ್ಪ ಪ್ರೂಫಿನ ಕಟ್ಟು ಬಗಲಲ್ಲಿಟ್ಟುಕೊಂಡು ಬಂದ. ಕೂರು ಎಂದರೂ ಕೂರಲಿಲ್ಲ. ಬೆರಳಿಗೆ ಮಸಿ ಹತ್ತಿತ್ತು, ಅದನ್ನು ಒರೆಸುತ್ತಲೇ ನಿಂತ.

"ಅಕ್ಕೋರ, ನಾ ಮೂವತ್ತ ವರ್ಷದಿಂದ ಮೊಳಿ ಜೋಡಸಾಕತ್ತೇನಿ. ಅಕ್ಷರಾ ನೋಡ್ತೇನಿ, ಅರ್ಥಾ ನೋಡಂಗಿಲ್ಲ. ಅರ್ಥಾ ನೋಡಿದ್ರ ದಿನಕ್ಕ ನಾಕ ಪುಟ ಆಗೂದಿಲ್ರಿ. ಈ ಕಡೀ ಪುಟದಾಗ ಕೈ ನಿಂತ ಬಿಡ್ತು."

"ಸರ ನೋಡ್ಯಾರೇನು?"

"ಕಟ್ಟ ಸೈತ ಬಿಚ್ಚಲಿಲ್ರಿ. ಅಕಿ ಸಹಿ ಇದ್ರ ಮಷಿನ್ ಏರಸು ಅಂದ್ರು." ಕೊನೆಯ ಪುಟ ತೋರಿಸಿದ. "ಇದೂ ಇರೂದೇನ್ರಿ? ತಗೀಬೇಕಂದ್ರ ಐದ ಮಿನಿಟಿನ ಕೆಲಸ. ಮೊಳಿ ಬಿಚ್ಚಿ ಖಾನ್ಯಾಗ ಹಾಕಿಬಿಡ್ತೇನಿ. ಯಾರಿಗೂ ಗೊತ್ತಾಗೂದಿಲ್ಲ."

"ಎಷ್ಟು ಪ್ರತಿ?"

"ಐದನೂರು. ಹತ್ತೊಂಬತ್ತಕ್ಕ ಬಿಡುಗಡಿ ಸಮಾರಂಭ ಐತಂತಲ್ರಿ. ಸ್ಟೇಜ್ ಮ್ಯಾಲ ಒಂದೊಂದು ಪುಟಾ ತಗದ ತೋರಸ್ತಾರಂತ."

ಪುಸ್ತಕದ ಬಿಡುಗಡೆ ಹತ್ತೊಂಬತ್ತಕ್ಕೆ. ನನ್ನದು ಒಂದು ತಿಂಗಳು ಮೊದಲೇ ಆಯಿತು.

ಮೊದಲ ಪುಟದಿಂದ ಓದುತ್ತ ಬಂದೆ. ಒಂದೂ ವಾಕ್ಯ ಬದಲಿಸಲಿಲ್ಲ, ಚೆನ್ನಾಗಿ ಬರೆದಿದ್ದಾನೆ. ಕೊನೆಯ ಪುಟಕ್ಕೆ ಬಂದೆ. ಅಚ್ಚಿನಲ್ಲಿ ಅದು ನನ್ನದಲ್ಲ ಅನ್ನಿಸಿತು, ಬೇರೆ ಯಾರೋ ಹೆಣ್ಣುಮಗಳದು.

*ಅನುಬಂಧ*

*೨೪ ಮಾರ್ಚ್ ೧೯೮೭. ರಾಕೆಟ್ಟು: ನಡುವಿನ ಮೋಟರು ಹೊತ್ತಲಿಲ್ಲ. ಮನೆ: ಲೇಖಕರು ಹೆಂಡತಿಯ ತಲೆಗೆ ರೇಡಿಯೋ ಎಸೆದರು. ತಪ್ಪಿತು.*

*೧೩ ಜುಲೈ ೧೯೮೮. ರಾಕೆಟ್ಟು: ಗಾಳಿಯಲ್ಲಿ ಮುರಿಯಿತು. ಮನೆ: ಲೇಖಕರು ಹೆಂಡತಿಯ ಎಡಗೈ ಹಿಡಿದು ಬಾಗಿಲು ಮುಚ್ಚಿದರು. ಎರಡು ಬೆರಳು.*

*೨೦ ಮೇ ೧೯೯೨. ರಾಕೆಟ್ಟು: ಕೆಳಗಿನ ಕಕ್ಷೆ. ಮನೆ: ಎರಡು ದಿನದ ನಂತರ, ಎಡಗವಿ. ಈಗಲೂ ಕೇಳಿಸುವುದಿಲ್ಲ.*

*೪ ಮೇ ೧೯೯೪. ರಾಕೆಟ್ಟು: ಪೂರ್ಣ ಯಶಸ್ವಿ. ಮನೆ: ಕೊರಳೆಲುಬು, ಎರಡು ಪಕ್ಕೆಲುಬು, ಒಂದು ಹಲ್ಲು.*

*ಕೊನೆಯ ಎರಡು ವರ್ಷದಲ್ಲಿ ಯಾವ ರಾಕೆಟ್ಟೂ ಹಾರದೆ ಏಟು ಬಿದ್ದ ದಿನಗಳು: ಮೂವತ್ತೇಳು.*

*ಈ ಪುಸ್ತಕದ ಶುದ್ಧಪ್ರತಿ ಬರೆದ ಬಲಗೈಗೆ ಏನೂ ಆಗಿಲ್ಲ.*

ಲಕ್ಕಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಮೈದಾನದಲ್ಲಿ ಕಾವೇರಿ ಹುಡುಗಿಯರನ್ನು ಓಡಿಸುತ್ತಿದ್ದಳು.

"ಒಂದ ತಪ್ಪೈತಿ ಲಕ್ಕಪ್ಪ," ಎಂದೆ.

ಅವನು ಹತ್ತಿರ ಬಂದು ಬಗ್ಗಿದ. 'ಎಡಗವಿ'ಯ ಗ ಮೇಲೆ ಗುಡಿಸು ಹಾಕಿ 'ಎಡಗಿವಿ' ಎಂದು ತಿದ್ದಿದೆ. ಅಂಚಿನಲ್ಲಿ ಗೆರೆ ಎಳೆದೆ. ಕೆಳಗೆ ಬರೆದೆ:

ಮುದ್ರಿಸಬಹುದು. ಫೇಬಿ.